ಬ್ರೇಕ್ ಪೆಡಲ್ ಕಾಲನ್ನು ಒದ್ದ ಹಾಗಾಯಿತು, ಹೆದರಿ ಕಾಲು ತೆಗೆದುಬಿಟ್ಟೆ. ಎಬಿಎಸ್ (ಚಕ್ರ ನಿಂತು ಕಾರು ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಅಂದರೆ ಹೀಗೇನಾ?

ತೋಟದಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಹೋದ ಶನಿವಾರ ಅತ್ತೆಯನ್ನು ಕರೆದುಕೊಂಡು ಉಜಿರೆಗೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದಾಗ ಸಣ್ಣಗೆ ಮಳೆ. ಮಂಜೂ ಇತ್ತು. ಸ್ಪೀಡು ಹೆಚ್ಚೆಂದರೆ 40. ಒಂದು ತಿರುವು ಮುಗಿಯುತ್ತಿದ್ದ ಹಾಗೆ ರಸ್ತೆ ಮಧ್ಯೆ ಹಸು ನಿಂತಿದೆ! ಜೋರಾಗಿ ಬ್ರೇಕ್ ತುಳಿದೆ. ತಕ್ಷಣ ಕಾಲ ಕೆಳಗೆ ಗರಗರ ಅಂತ ಸದ್ದು. ಪೆಡಲ್ ಅದುರಿ ಅದುರಿ ಪಾದವನ್ನು ವಾಪಸ್ ತಳ್ಳುತ್ತಿತ್ತು. ಬ್ರೇಕೇ ಮುರಿದುಹೋಯಿತು ಅನ್ನಿಸಿ ಕಾಲು ತೆಗೆದುಬಿಟ್ಟೆ. ಮತ್ತೆ ತುಳಿಯುವಷ್ಟರಲ್ಲಿ ಹಸು ಬಾನೆಟ್ ಹತ್ತಿರವೇ ಬಂದಿತ್ತು. ಸ್ಟೇರಿಂಗ್ ಎಡಕ್ಕೆ ಎಳೆದೆ. ಮುಂದಿನ ಚಕ್ರ ಚರಂಡಿ ಕಲ್ಲಿಗೆ ಬಡಿದು ನಿಂತಿತು.

ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹಸು ನಿಧಾನಕ್ಕೆ ನಡೆದುಕೊಂಡು ಹೋಯಿತು. ರಿಮ್ ಬೆಂಡ್ ಆಗಿದೆ ಅಷ್ಟೆ. ಆದರೆ ಅತ್ತೆ ಈಗಲೂ ಕಾರು ಅಂದರೆ ಹೆದರುತ್ತಾರೆ.

ಸರ್ವಿಸ್‌ಗೆ ಬಿಟ್ಟ ಕಡೆ "ಎಲ್ಲ ನಾರ್ಮಲ್ ಇದೆ ಮೇಡಂ, ಎಬಿಎಸ್ ಹಾಗೇ ಇರತ್ತೆ" ಅಂದು ಕಳಿಸಿದರು. ಮೂರು ವರ್ಷದಿಂದ ಈ ಕಾರು ಓಡಿಸುತ್ತಿದ್ದೇನೆ, ಹೀಗಾಗುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ. ನಾನು ಡ್ರೈವಿಂಗ್ ಕಲಿತಿದ್ದು ಅಪ್ಪನ ಹಳೇ ಕಾರಲ್ಲಿ. "ಮಳೆಯಲ್ಲಿ ಒಂದೇ ಸಲ ತುಳೀಬೇಡ, ಒತ್ತಿ ಬಿಡು, ಒತ್ತಿ ಬಿಡು" ಅಂತ ಹೇಳಿಕೊಟ್ಟಿದ್ದರು. ಈಗ ನಾನು ಕೇಳುವುದು ಎರಡೇ. ಪೆಡಲ್ ಯಾಕೆ ಹಾಗೆ ಅದುರುತ್ತದೆ? ಆವತ್ತು ನಾನು ಏನು ಮಾಡಬೇಕಿತ್ತು?

ಬೈಟೂಕಾಫಿ (ಬೆಂಗಳೂರು)

ಅಕ್ಕಾ, ಎಲ್ಲರೂ ಹುಷಾರಾಗಿದ್ದೀರಲ್ಲ, ಅದೇ ಸಮಾಧಾನ. ನಾನು ಬ್ರೇಕ್ ಸಂಬಂಧದ ಕೆಲಸದಲ್ಲೇ ಇರುವವನು. ಮೊದಲು ಎರಡನೇ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ಮುಖ್ಯ: ಕಾಲು ತೆಗೆಯಬಾರದಿತ್ತು. ಪೆಡಲ್ ಎಷ್ಟೇ ಅದುರಲಿ, ಪೂರ್ತಿ ತುಳಿದು ಹಾಗೇ ಹಿಡಿದಿರಬೇಕು. ಕಣ್ಣು ಹಸುವಿನ ಮೇಲಲ್ಲ, ಪಕ್ಕದ ಖಾಲಿ ಜಾಗದ ಮೇಲೆ. ಸ್ಟೇರಿಂಗ್ ಆ ಕಡೆಗೆ.

ನೀವು ತಪ್ಪು ಮಾಡಿದಿರಿ ಅಂತ ಹೇಳುತ್ತಿಲ್ಲ. ಯಾರೂ ಹೇಳಿಕೊಡದಿದ್ದರೆ ಯಾರ ಕಾಲಾದರೂ ಮೇಲೆ ಬರುತ್ತದೆ. 40ರ ಸ್ಪೀಡಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅರ್ಧ ಸೆಕೆಂಡ್ ಕಾಲು ತೆಗೆದರೆ ಐದೂವರೆ ಮೀಟರ್ ಬ್ರೇಕ್ ಇಲ್ಲದೆ ಹೋದ ಹಾಗೆ. ಅಂದರೆ ಒಂದು ಕಾರಿಗಿಂತ ಜಾಸ್ತಿ ಉದ್ದ.

ಈಗ ಯಾಕೆ ಅದುರುತ್ತದೆ ಅನ್ನೋದು. ಇದಕ್ಕೆ ಟೈರಿನಿಂದ ಶುರು ಮಾಡಬೇಕು.

ಕಾರನ್ನು ನಿಲ್ಲಿಸುವುದು ಬ್ರೇಕಿನ ಡಿಸ್ಕೂ ಅಲ್ಲ, ಪ್ಯಾಡೂ ಅಲ್ಲ. ಅವು ಚಕ್ರವನ್ನು ಮಾತ್ರ ನಿಲ್ಲಿಸುತ್ತವೆ. ಕಾರನ್ನು ನಿಲ್ಲಿಸುವುದು ಟೈರು ರಸ್ತೆಗೆ ತಾಗಿರುವ ಜಾಗ. ಒಂದೊಂದು ಟೈರಿಗೂ ಹೆಚ್ಚುಕಡಿಮೆ ಅಂಗೈ ಅಗಲದಷ್ಟು. ಬ್ರೇಕ್ ಒತ್ತಿದಾಗ ಚಕ್ರ ಕಾರಿಗಿಂತ ಸ್ವಲ್ಪ ನಿಧಾನ ತಿರುಗುತ್ತದೆ. ಆ ವ್ಯತ್ಯಾಸಕ್ಕೆ ನಾವು ಸ್ಲಿಪ್ ಅನ್ನುತ್ತೇವೆ. ಟಾರ್ ರಸ್ತೆಯಲ್ಲಿ ಈ ಸ್ಲಿಪ್ ಸುಮಾರು 10ರಿಂದ 20 ಪರ್ಸೆಂಟ್ ಇದ್ದಾಗ ಟೈರಿನ ಹಿಡಿತ ಎಲ್ಲಕ್ಕಿಂತ ಜಾಸ್ತಿ. ಅದಕ್ಕಿಂತ ಜೋರಾಗಿ ತುಳಿದರೆ ಚಕ್ರ ನಿಂತೇ ಹೋಗುತ್ತದೆ (ಇದಕ್ಕೇ ಲಾಕ್ ಆಗುವುದು ಅನ್ನೋದು), ಕಾರು ಜಾರುತ್ತಾ ಹೋಗುತ್ತದೆ. ಆಗ ಎರಡು ನಷ್ಟ. ನಿಲ್ಲುವ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ಪಕ್ಕಕ್ಕೆ ತಿರುಗುವ ಹಿಡಿತ ಮಾತ್ರ ಪೂರ್ತಿ ಹೋಗುತ್ತದೆ. ತಿರುಗದ ಚಕ್ರವನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ.

ನೀವು ಎಡಕ್ಕೆ ಎಳೆದಾಗ ಕಾರು ಎಡಕ್ಕೆ ಬಂತಲ್ವಾ? ಎರಡನೇ ಸಲ ತುಳಿದಾಗಲೂ ಚಕ್ರ ಲಾಕ್ ಆಗಲಿಲ್ಲ ಅಂತ ಅದರ ಅರ್ಥ. ಹಳೇ ಕಾರಾಗಿದ್ದರೆ ನೆಟ್ಟಗೆ ಹಸುವಿಗೇ ಹೋಗುತ್ತಿತ್ತು.

ತೋಟದಮನೆ

ಓದಿ ಮೈ ಜುಮ್ಮೆಂದಿತು. ಆದರೆ ಚಕ್ರ ಲಾಕ್ ಆಗುತ್ತಿದೆ ಅಂತ ಕಾರಿಗೆ ಹೇಗೆ ಗೊತ್ತಾಗುತ್ತದೆ? ಅಷ್ಟು ಬೇಗ?

ಬೈಟೂಕಾಫಿ

ಒಂದೊಂದು ಚಕ್ರದ ಹತ್ತಿರವೂ ಒಂದು ಸೆನ್ಸಾರ್ ಇರುತ್ತದೆ. ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್ ಒಂದು, ಅದರ ಎದುರಿಗೆ ಸುಮಾರು ಒಂದು ಮಿಲಿಮೀಟರ್ ಬಿಟ್ಟು ಸೆನ್ಸಾರ್. ಒಂದೊಂದು ಹಲ್ಲು ಹಾದು ಹೋದಾಗಲೂ ಒಂದು ಸಿಗ್ನಲ್. ಕಂಪ್ಯೂಟರ್ ಅದನ್ನು ಎಣಿಸುತ್ತಲೇ ಇರುತ್ತದೆ.

ಈಗ ಲೆಕ್ಕ ನೋಡಿ. ಒಣಗಿದ ಒಳ್ಳೇ ರಸ್ತೆಯಲ್ಲೂ 60ರಲ್ಲಿರುವ ಕಾರು ನಿಲ್ಲೋಕೆ ಸುಮಾರು 2 ಸೆಕೆಂಡ್ ಬೇಕು. ಟೈರಿನ ಹಿಡಿತಕ್ಕೆ ಅದಕ್ಕಿಂತ ಬೇಗ ಆಗುವುದಿಲ್ಲ. ಆದರೆ ಚಕ್ರ ಹಗುರ. ಜೋರಾಗಿ ಬ್ರೇಕ್ ಬಿದ್ದರೆ ಅದು ಕಣ್ಣು ಮಿಟುಕಿಸುವುದರೊಳಗೆ ನಿಂತುಬಿಡುತ್ತದೆ. ಹಾಗಾಗಿ ಯಾವುದಾದರೂ ಚಕ್ರದ ವೇಗ ಕಾರಿಗೆ ಸಾಧ್ಯವೇ ಇಲ್ಲದಷ್ಟು ಬೇಗ ಇಳಿಯುತ್ತಿದ್ದರೆ, ಕಾರು ನಿಧಾನ ಆಗುತ್ತಿಲ್ಲ, ಚಕ್ರ ಲಾಕ್ ಆಗುತ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಗೊತ್ತಾದ ತಕ್ಷಣ ಬಾನೆಟ್ ಒಳಗಿರುವ ಎಬಿಎಸ್ ಡಬ್ಬಿ ಕೆಲಸ ಶುರು ಮಾಡುತ್ತದೆ. ಅದರಲ್ಲಿ ಒಂದೊಂದು ಚಕ್ರಕ್ಕೂ ಎರಡು ವಾಲ್ವ್. ಒಂದು ಬ್ರೇಕ್ ಆಯಿಲನ್ನು ಒಳಗೆ ಬಿಡುವುದು, ಒಂದು ಹೊರಗೆ ಬಿಡುವುದು. ಮೊದಲು ಒಳಗೆ ಬಿಡುವ ವಾಲ್ವ್ ಮುಚ್ಚುತ್ತದೆ. ಅಂದರೆ ನೀವು ಎಷ್ಟೇ ತುಳಿದರೂ ಆ ಚಕ್ರಕ್ಕೆ ಇನ್ನು ಪ್ರೆಷರ್ ಹೋಗುವುದಿಲ್ಲ. ಆಗಲೂ ಚಕ್ರ ಜಾರುತ್ತಿದ್ದರೆ ಹೊರಗೆ ಬಿಡುವ ವಾಲ್ವ್ ತೆರೆದು ಸ್ವಲ್ಪ ಬ್ರೇಕ್ ಆಯಿಲ್ ಆಚೆ ಬಿಡುತ್ತದೆ. ಪ್ರೆಷರ್ ಇಳಿಯುತ್ತದೆ, ಚಕ್ರ ಮತ್ತೆ ತಿರುಗುತ್ತದೆ. ತಿರುಗಿದ ಕೂಡಲೇ ಮತ್ತೆ ಪ್ರೆಷರ್ ಏರಿಸುತ್ತದೆ. ತಡೆ, ಬಿಡು, ಏರಿಸು. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ.

ನಿಮ್ಮ ಕಾಲು ಅದುರಿದ್ದು ಇಲ್ಲೇ. ಆಚೆ ಬಿಟ್ಟ ಆಯಿಲ್ ಸುಮ್ನೆ ಎಲ್ಲೋ ಹೋಗುವುದಿಲ್ಲ. ಒಂದು ಚಿಕ್ಕ ಪಂಪ್ ಅದನ್ನು ವಾಪಸ್ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಕಡೆಗೆ ತಳ್ಳುತ್ತದೆ. ಆ ಕಡೆ ಒತ್ತುತ್ತಿರುವುದು ನಿಮ್ಮ ಕಾಲು. ಪಂಪ್ ತಳ್ಳಿದ ಒಂದೊಂದು ಗುಕ್ಕೂ ಪೆಡಲ್ ಮೂಲಕ ಪಾದಕ್ಕೆ ತಾಗುತ್ತದೆ. ಗರಗರ ಸದ್ದು ಆ ಪಂಪಿನದು, ವಾಲ್ವ್‌ಗಳದು. ಏನೂ ಮುರಿದಿದ್ದಲ್ಲ. ಕಾರು ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆ ಅಂತ ಹೇಳುವ ಸದ್ದು ಅದು.

ಹಳೇಜೀಪು (ಕೊಪ್ಪ)

ತಂಗಿ, ನಿಮ್ಮ ಅಪ್ಪ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು 30 ವರ್ಷದಿಂದ ಆಗುಂಬೆ, ಬಾಳೆಬರೆ ಎಲ್ಲ ಘಾಟಿ ಹತ್ತಿ ಇಳಿದಿದ್ದೇನೆ, ಒತ್ತಿ ಬಿಟ್ಟು ಒತ್ತಿ ಬಿಟ್ಟೇ. ಈ ಎಬಿಎಸ್ ಬಂದ ಮೇಲೆ ನನಗೆ ಸಮಾಧಾನ ಇಲ್ಲ. ನಮ್ಮ ತೋಟದ ರಸ್ತೆ ಜಲ್ಲಿಕಲ್ಲಿನದು. ಮಗನ ಹೊಸ ಕಾರಿನಲ್ಲಿ ಅಲ್ಲಿ ಬ್ರೇಕ್ ಹಾಕಿದರೆ ಗರಗರ ಅಂದುಕೊಂಡು ಮುಂದೆ ಹೋಗುತ್ತಲೇ ಇರುತ್ತದೆ. ನನ್ನ ಜೀಪು ಅದೇ ಜಾಗದಲ್ಲಿ ಕಚ್ಚಿ ನಿಲ್ಲುತ್ತದೆ. ಇದಕ್ಕೆ ಏನು ಹೇಳುತ್ತೀರಿ ಇಂಜಿನಿಯರ್ ಸಾಹೇಬರೇ?

ಬೈಟೂಕಾಫಿ

ಅಣ್ಣಾ, ಜಲ್ಲಿ ರಸ್ತೆ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸಡಿಲ ಜಲ್ಲಿಯ ಮೇಲೆ ನಿಂತ ಚಕ್ರ ತನ್ನ ಮುಂದೆ ಕಲ್ಲನ್ನು ಗುಡ್ಡೆ ಹಾಕಿಕೊಳ್ಳುತ್ತದೆ. ಆ ಗುಡ್ಡೆಯೇ ಅಡ್ಡ ನಿಂತು ಗಾಡಿಯನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ತಿರುಗಿಸುತ್ತಲೇ ಇರುವುದರಿಂದ ಗುಡ್ಡೆ ಆಗುವುದಿಲ್ಲ, ನಿಲ್ಲುವ ದೂರ ಜಾಸ್ತಿಯಾಗುತ್ತದೆ. ಇದು ಎಬಿಎಸ್‌ನ ನಿಜವಾದ ಕೊರತೆ, ಯಾರೂ ಮುಚ್ಚಿಡುವುದಿಲ್ಲ. ತೋಟದ ರಸ್ತೆಯಲ್ಲಿ ಮಗ ನಿಧಾನ ಹೋಗುವುದೇ ದಾರಿ.

ಆದರೆ ಟಾರ್ ರಸ್ತೆ, ಅದರಲ್ಲೂ ಒದ್ದೆ ಟಾರ್, ಅಲ್ಲಿ ನಾನು ಒಪ್ಪುವುದಿಲ್ಲ. ಕಾಲಿನಿಂದ ಪಂಪ್ ಮಾಡಿದರೆ ನಾಲ್ಕೂ ಚಕ್ರಕ್ಕೆ ಒಂದೇ ಸಲ ಬಿಟ್ಟ ಹಾಗೆ. ಘಾಟಿಯಲ್ಲಿ ಎಡಗಡೆ ಚಕ್ರ ರಸ್ತೆ ಅಂಚಿನ ಕೆಸರು, ಕೊಳೆತ ಎಲೆ ಮೇಲೆ ಇರುತ್ತದೆ, ಬಲಗಡೆ ಚಕ್ರ ಟಾರ್ ಮೇಲೆ. ಕಾಲಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಬಿಎಸ್‌ಗೆ ಗೊತ್ತು. ಜಾರುವ ಚಕ್ರಕ್ಕೆ ಮಾತ್ರ ಬಿಡುತ್ತದೆ. ಹಿಡಿತ ಇರುವ ಕಡೆಯ ಮುಂದಿನ ಚಕ್ರಕ್ಕೂ ಪ್ರೆಷರನ್ನು ಮೆಲ್ಲಗೆ ಏರಿಸುತ್ತದೆ, ಇಲ್ಲದಿದ್ದರೆ ಕಾರು ಗಿರಕ್ಕನೆ ಆ ಕಡೆಗೆ ತಿರುಗಿಬಿಡುತ್ತದೆ.

ಇನ್ನೊಂದು. ಎಬಿಎಸ್ ಇರುವ ಕಾರಲ್ಲಿ ಪಂಪ್ ಮಾಡಿದರೆ ಡಬಲ್ ನಷ್ಟ. ನೀವು ಬಿಟ್ಟಾಗೆಲ್ಲ ಪ್ರೆಷರ್ ಹೋಗುತ್ತದೆ, ಅದು ಮತ್ತೆ ಮೊದಲಿಂದ ಶುರು ಮಾಡಬೇಕು. ನಿಮ್ಮ ಜೀಪಿನಲ್ಲಿ ಪಂಪ್ ಮಾಡಿ. ಮಗನ ಕಾರಿನಲ್ಲಿ ದಯವಿಟ್ಟು ಬೇಡ.

ಹಳೇಜೀಪು

ಎಲೆ, ಕೆಸರಿನ ಮಾತು ಸರಿ ಕಣಯ್ಯ. ಎಡಗಡೆ ಜಾರಿ ಜೀಪು ಅಡ್ಡ ತಿರುಗಿದ್ದು ನನಗೂ ಒಂದು ಸಲ ಆಗಿದೆ. ಆವತ್ತು ನಾಲ್ವರು ಕೂಲಿಯವರು ಹಿಂದೆ ಕೂತಿದ್ದರು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಒಂದೇ ಚಕ್ರಕ್ಕೆ ಬಿಡುವುದು ಕಾಲಿನಿಂದ ಆಗದ ಕೆಲಸ, ಒಪ್ಪಿದೆ.

ಹೊಸಬ್ಬ_ತುಮಕೂರು

ನನ್ನ ಡ್ರೈವಿಂಗ್ ಸ್ಕೂಲ್‌ನಲ್ಲಿ ಎಬಿಎಸ್ ಇದ್ದರೆ ಕಾರು ಬೇಗ ನಿಲ್ಲುತ್ತೆ ಅಂತಷ್ಟೇ ಹೇಳಿದರು. ಹಾಗಾದರೆ ಎಷ್ಟು ಬೇಗ? ಮತ್ತೆ ಎಲ್ಲ ಕಾರಲ್ಲೂ ಇರುತ್ತಾ?

ಬೈಟೂಕಾಫಿ

"ಬೇಗ ನಿಲ್ಲುತ್ತೆ" ಅನ್ನುವುದು ಅರ್ಧ ಸತ್ಯ. ಒದ್ದೆ ಟಾರ್ ಮೇಲೆ ಲಾಕ್ ಆದ ಚಕ್ರಕ್ಕಿಂತ ಕಡಿಮೆ ದೂರದಲ್ಲಿ ನಿಲ್ಲುವುದು ಸಾಮಾನ್ಯ. ಒಣ ರಸ್ತೆಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ನಿಜವಾದ ಲಾಭ ಸ್ಟೇರಿಂಗ್ ಕೈಯಲ್ಲಿ ಉಳಿಯುವುದು.

ಟೈರಿನ ಹಿಡಿತವನ್ನು ಎಬಿಎಸ್ ಹುಟ್ಟಿಸುವುದಿಲ್ಲ ಅಂತ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇರುವ ಹಿಡಿತವನ್ನು ಪೂರ್ತಿ ಬಳಸುತ್ತದೆ ಅಷ್ಟೆ. 80ರಲ್ಲಿ ಹೋಗುವ ಕಾರು ಒಳ್ಳೇ ಒಣ ಟಾರ್ ಮೇಲೆ ಬ್ರೇಕ್ ಹಿಡಿದ ಮೇಲೆ ಸುಮಾರು 31 ಮೀಟರಿನಲ್ಲಿ ನಿಲ್ಲಬಹುದು. ಅದೇ ರಸ್ತೆ ಒದ್ದೆಯಾಗಿ ಹಿಡಿತದ ಅಳತೆ (ಘರ್ಷಣಾಂಕ) 0.8ರಿಂದ 0.5ಕ್ಕೆ ಇಳಿದರೆ 50 ಮೀಟರ್ ಬೇಕು. ಇದು ಎಬಿಎಸ್ ಸರಿಯಾಗಿ ಕೆಲಸ ಮಾಡಿದಾಗಿನ ಲೆಕ್ಕ. ನೋಡಿ, ಯೋಚಿಸಿ, ಕಾಲು ಪೆಡಲ್‌ಗೆ ತರುವ ಒಂದು ಸೆಕೆಂಡಿನಲ್ಲಿ ಹೋಗುವ 22 ಮೀಟರ್ ಬೇರೆ. ಟೈರ್ ಸವೆದಿದ್ದು ನೀರಿನ ಮೇಲೆ ತೇಲಿದರಂತೂ ಎಬಿಎಸ್ ಏನೂ ಮಾಡಲಾರದು. ತಿಂಗಳಿಗೊಮ್ಮೆ ಟೈರ್ ನೋಡಿ. ತಗ್ಗುಗಳ ಒಳಗೆ ಸಣ್ಣ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟೈರ್ ಅದರ ಮಟ್ಟಕ್ಕೆ ಸವೆದಿದ್ದರೆ ಬದಲಾಯಿಸಲೇಬೇಕು. ಮಲೆನಾಡಿನ ಮಳೆಗೆ ನಾನಂತೂ ಅಲ್ಲಿಯವರೆಗೆ ಕಾಯುವುದಿಲ್ಲ.

ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೂ ಎಬಿಎಸ್ ಕಡ್ಡಾಯವಾಯಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಅದಕ್ಕಿಂತ ಹಳೇ ಕಾರಾದರೆ ಕೇಳಿ ನೋಡಿಕೊಳ್ಳಿ. ಇಗ್ನಿಷನ್ ಆನ್ ಮಾಡಿದಾಗ ಹಳದಿ ಎಬಿಎಸ್ ಲೈಟ್ ಒಂದೆರಡು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಒಂದೋ ಎಬಿಎಸ್ ಇಲ್ಲ, ಇಲ್ಲವೇ ಲೈಟೇ ಕೆಟ್ಟಿದೆ ಅಥವಾ ಯಾರೋ ಕಿತ್ತಿದ್ದಾರೆ.

ದಾವಣಗೆರೆ_ಬೆಣ್ಣೆ

ಲೈಟ್ ವಿಷಯ ಬಂತಲ್ಲ, ನನ್ನದೂ ಕೇಳಿಬಿಡುತ್ತೇನೆ. ಹೋದ ತಿಂಗಳು ಹಿಂದಿನ ಬಲ ಚಕ್ರದಲ್ಲಿ ಊಂ ಅಂತ ಸದ್ದು ಬರುತ್ತಿತ್ತು. ಒಂದು ಗ್ಯಾರೇಜಲ್ಲಿ ವೀಲ್ ಬೇರಿಂಗ್ ಹೊಸದು ಹಾಕಿಸಿದೆ. ಸದ್ದು ಹೋಯಿತು. ಆದರೆ ಮನೆಗೆ ಬರುವ ದಾರಿಯಲ್ಲೇ ಎಬಿಎಸ್ ಲೈಟ್ ಹತ್ತಿಕೊಂಡಿತು. ಸೆನ್ಸಾರ್ ಹೋಗಿದೆ ಅಂತ ಸೆನ್ಸಾರ್ ಹಾಕಿದರು. ಲೈಟ್ ಆರಲಿಲ್ಲ. ಈಗ ಇಡೀ ಎಬಿಎಸ್ ಯೂನಿಟ್ಟೇ ಹೋಗಿದೆ, ದೊಡ್ಡ ಖರ್ಚು ಅನ್ನುತ್ತಿದ್ದಾರೆ. ಓಡಿಸಬಹುದಾ?

ಪಾನಾ_ಸ್ಕ್ರೂಡ್ರೈವರ್ (ಹಾಸನ)

ಸರ್, ಯೂನಿಟ್ ಹಾಕಿಸಬೇಡಿ! ಇನ್ನೂ ಒಂದು ರೂಪಾಯಿ ಕೊಡಬೇಡಿ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ್ದು ಓದಿದ ಕೂಡಲೇ ಅನ್ನಿಸಿತು, ಬೇರಿಂಗ್ ಉಲ್ಟಾ ಹಾಕಿದ್ದಾರೆ.

ಹಳೇ ಕಾರುಗಳಲ್ಲಿ ಹಲ್ಲಿನ ರಿಂಗ್ ಕಣ್ಣಿಗೆ ಕಾಣುತ್ತಿತ್ತು. ಈಗ ತುಂಬಾ ಕಾರುಗಳಲ್ಲಿ ಅದು ಇಲ್ಲ. ಬೇರಿಂಗಿನ ಒಂದು ಕಡೆಯ ಸೀಲ್ ಒಳಗೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸುತ್ತಲೂ. ಅದೇ ಹಲ್ಲಿನ ಕೆಲಸ ಮಾಡುತ್ತದೆ. ನೋಡೋಕೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ಕಡೆ ಕಂದು ಇಲ್ಲವೇ ಕಪ್ಪು ಮುಖ, ಇನ್ನೊಂದು ಕಡೆ ಮಾಮೂಲಿ ಸೀಲ್. ಆ ಪಟ್ಟಿ ಸೆನ್ಸಾರ್ ಕಡೆಗೇ ಬರಬೇಕು. ಉಲ್ಟಾ ಒತ್ತಿದರೆ ಬೇರಿಂಗ್ ಚೆನ್ನಾಗೇ ತಿರುಗುತ್ತದೆ, ಸದ್ದೂ ಇರುವುದಿಲ್ಲ. ಆದರೆ ಸೆನ್ಸಾರಿಗೆ ಏನೂ ಕಾಣುವುದಿಲ್ಲ.

ಹೇಗೆ ನೋಡುವುದು ಅಂದರೆ, ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿಸಿ ನಾಲ್ಕೂ ಚಕ್ರದ ಸ್ಪೀಡ್ ಒಟ್ಟಿಗೆ ತೋರಿಸಲು ಹೇಳಿ. ಕಾರನ್ನು ಮೆಲ್ಲಗೆ ಓಡಿಸಿ. ಮೂರರಲ್ಲಿ 20, 20, 20 ಬರುತ್ತದೆ. ಬಲ ಹಿಂದಿನದು ಸೊನ್ನೆ ಇದ್ದರೆ ನಾನು ಹೇಳಿದ್ದೇ. ಹೊಸ ಬೇರಿಂಗ್ ಒತ್ತುವ ಮೊದಲು ಸಣ್ಣ ಪೇಪರ್ ಕ್ಲಿಪ್ ಹಿಡಿದು ನೋಡಿದರೆ ಯಾವ ಮುಖ ಅಂತ ಗೊತ್ತಾಗುತ್ತದೆ, ಪಟ್ಟಿ ಇರುವ ಕಡೆ ಮೆತ್ತಗೆ ಅಂಟುತ್ತದೆ. ನಮ್ಮ ಹುಡುಗರಿಗೆ ನಾನು ಮೊದಲ ದಿನ ಕಲಿಸುವುದೇ ಇದನ್ನ. ಜೋರು ಮ್ಯಾಗ್ನೆಟ್ ಮಾತ್ರ ಹತ್ತಿರ ತರಬಾರದು, ಪಟ್ಟಿಯೇ ಹಾಳಾಗುತ್ತದೆ.

ಓಡಿಸಬಹುದಾ ಅಂದಿರಿ. ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ಮಾತ್ರ ಇರುವುದಿಲ್ಲ. ಜೋರಾಗಿ ತುಳಿದರೆ ಹಳೇ ಕಾರಿನ ಥರ ಲಾಕ್ ಆಗುತ್ತದೆ. ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಕೆಂಪು ಬ್ರೇಕ್ ಲೈಟೂ ಜೊತೆಗೆ ಹತ್ತಿದರೆ ಗಾಡಿ ಅಲ್ಲೇ ನಿಲ್ಲಿಸಿ. ಒಂದು ಅಡಿಯೂ ಮುಂದೆ ಬೇಡ.

ಬರೆಯುತ್ತಿರುವಾಗ ಇನ್ನೊಂದು ನೆನಪಾಯಿತು, ಘಾಟಿಯಲ್ಲಿ ಓಡಾಡುವ ಎಲ್ಲರಿಗೂ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅದು ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ 155ರ ಹತ್ತಿರವೇ ಕುದಿಯಬಹುದು. ಇಳಿಜಾರಿನ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದರೆ ಆ ಬಿಸಿ ಬಂದೇ ಬರುತ್ತದೆ. ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಆಗ ಎಬಿಎಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹತ್ತಿದ ಗೇರಿನಲ್ಲೇ ಇಳಿಯಿರಿ. ಸೆಕೆಂಡ್ ಗೇರ್, ಕಾಲು ಬ್ರೇಕಿಂದ ಆಚೆ, ಬೇಕಾದಾಗ ಮಾತ್ರ ಗಟ್ಟಿಯಾಗಿ ಒತ್ತಿ ಬಿಡಿ.

ಹಿಮದೂರು (ಕ್ಯಾಲ್ಗರಿ)

ಶಿವಮೊಗ್ಗದವನು, ಈಗ ಕೆನಡಾದಲ್ಲಿ. ಇಲ್ಲಿ ಮೊದಲ ಚಳಿಗಾಲ ಬಂದಾಗ ನನಗೂ ತೋಟದಮನೆ ಮೇಡಂಗೆ ಆದದ್ದೇ ಆಯಿತು. ಸಿಗ್ನಲ್ ಹತ್ತಿರ ಐಸ್. ಬ್ರೇಕ್ ತುಳಿದೆ, ಗರಗರ, ಕಾಲು ತಾನಾಗೇ ಮೇಲೆ ಬಂತು. ಪುಣ್ಯಕ್ಕೆ ಮುಂದೆ ಯಾರೂ ಇರಲಿಲ್ಲ.

ಜಲ್ಲಿ ಬಗ್ಗೆ ಅಣ್ಣ ಹೇಳಿದ್ದು ಹೊಸದಾಗಿ ಬಿದ್ದ ಸಡಿಲ ಹಿಮಕ್ಕೂ ಅನ್ವಯಿಸುತ್ತದೆ. ಅಲ್ಲೂ ಚಕ್ರದ ಮುಂದೆ ಗುಡ್ಡೆ ಆಗಬೇಕು, ಎಬಿಎಸ್ ಬಿಡುವುದಿಲ್ಲ. ಗಟ್ಟಿ ಐಸ್ ಮೇಲಂತೂ ಹಿಡಿತವೇ ಇಲ್ಲ, ಚಳಿಗಾಲದ ಟೈರ್ ಹಾಕದೆ ಎಬಿಎಸ್ ನಂಬಿಕೊಂಡು ಹೊರಟರೆ ಕಷ್ಟ.

ನನಗೆ ಇಲ್ಲಿಯ ಇನ್‌ಸ್ಟ್ರಕ್ಟರ್ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ಬೇಕು ಬೇಕಂತಲೇ ಎಬಿಎಸ್ ಬರಿಸಿ ಅಭ್ಯಾಸ ಮಾಡಿಸಿದರು. ಹತ್ತು ಸಲ. ಆಮೇಲೆ ಹೆದರಿಕೆ ಹೋಯಿತು. ಕಿವಿಯಲ್ಲಿ ಕೇಳಿದ್ದು ಕಾಲಿಗೆ ಇಳಿಯುವುದಿಲ್ಲ, ಕಾಲಿಗೇ ಕಲಿಸಬೇಕು. ಮೇಡಂ, ನೀವೂ ಒಮ್ಮೆ ಮಾಡಿ ನೋಡಿ.

ಚರಿತ್ರೆಪ್ರಿಯ (ಮೈಸೂರು)

ಒಳ್ಳೇ ಚರ್ಚೆ. ಒಂದು ಸಣ್ಣ ಸೇರ್ಪಡೆ. ಎಬಿಎಸ್ ಮೊದಲು ಬಂದಿದ್ದು ಕಾರಿಗಲ್ಲ, ವಿಮಾನಕ್ಕೆ. ಒದ್ದೆ ರನ್‌ವೇಯಲ್ಲಿ ಇಳಿದಾಗ ಚಕ್ರ ಲಾಕ್ ಆಗಿ ಟೈರ್ ಸಿಡಿಯುತ್ತಿತ್ತು. 1950ರ ದಶಕದಲ್ಲಿ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಅನ್ನುವ ಸಾಧನ ಅದನ್ನು ತಡೆಯುತ್ತಿತ್ತು. ಎಲೆಕ್ಟ್ರಾನಿಕ್ಸ್ ಇಲ್ಲ, ಬರೀ ಮೆಕ್ಯಾನಿಕಲ್. 1966ರ ಜೆನ್ಸನ್ ಎಫ್‌ಎಫ್ ಕಾರಿಗೂ ಅದನ್ನೇ ಹಾಕಿದರು. ಈಗಿನ ಥರದ್ದು, ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಾನಿಕ್ ಆಗಿ, ಬಾಷ್ ಕಂಪನಿ ಮಾಡಿ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನಲ್ಲಿ ಬಂತು.

ಆಮೇಲೆ ಜರ್ಮನಿಯ ಮ್ಯೂನಿಕ್‌ನಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವು ಟ್ಯಾಕ್ಸಿಗೆ ಎಬಿಎಸ್, ಕೆಲವಕ್ಕೆ ಇಲ್ಲ. ಅಪಘಾತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಬಿಎಸ್ ಇದ್ದ ಡ್ರೈವರ್‌ಗಳು ಹೆಚ್ಚು ರಭಸದಿಂದ ಓಡಿಸುತ್ತಿದ್ದದ್ದು ಕಂಡುಬಂತು. ನನಗೆ ಇದು ತುಂಬಾ ಕಾಡುವ ವಿಷಯ. ನನ್ನ ತಮ್ಮ ಹೊಸ ಕಾರು ತಗೊಂಡ ಮೇಲೆ ಮಳೆಯಲ್ಲೂ ಮುಂದಿನ ಗಾಡಿಗೆ ಅಂಟಿಕೊಂಡೇ ಹೋಗುತ್ತಾನೆ. "ಎಬಿಎಸ್ ಇದೆಯಲ್ಲ" ಅನ್ನುತ್ತಾನೆ. ಬೈಟೂಕಾಫಿಯವರ 50 ಮೀಟರ್ ಲೆಕ್ಕವನ್ನು ಇವತ್ತು ಅವನಿಗೆ ಕಳಿಸಿದ್ದೇನೆ.

ದಾವಣಗೆರೆ_ಬೆಣ್ಣೆ

ಹಾಸನದ ಅಣ್ಣನಿಗೆ ಕೈ ಮುಗಿಯುತ್ತೇನೆ. ಬೇರೆ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸಿದೆ. 18, 18, 18, ಸೊನ್ನೆ! ಬೇರಿಂಗ್ ಬಿಚ್ಚಿದರೆ ಕಂದು ಮುಖ ಹೊರಗಡೆಗೆ ಇತ್ತು. ಒತ್ತಿ ತೆಗೆದ ಬೇರಿಂಗ್ ಮತ್ತೆ ಹಾಕಬಾರದಂತೆ, ಹೊಸದು ಹಾಕಿದರು. ಅರ್ಧ ಕಿಲೋಮೀಟರ್ ಹೋಗುವುದರೊಳಗೆ ಲೈಟ್ ಆರಿತು. ಯೂನಿಟ್ ಹಾಕಿಸಿದ್ದರೆ ಆ ದುಡ್ಡೂ ಹೋಗುತ್ತಿತ್ತು, ಲೈಟೂ ಆರುತ್ತಿರಲಿಲ್ಲ.

ತೋಟದಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಹಿಮದೂರು ಅವರು ಹೇಳಿದ ಹಾಗೆ ಮಾಡಿದೆವು. ರಾತ್ರಿಯೆಲ್ಲ ಮಳೆ ಬಂದಿತ್ತು. ನಮ್ಮೂರಿನ ಹತ್ತಿರ ಒಂದು ದೊಡ್ಡ ಬಯಲಿದೆ, ಅರ್ಧ ಟಾರ್, ಅರ್ಧ ಹುಲ್ಲು. ಯಾರೂ ಇರಲಿಲ್ಲ. ಯಜಮಾನರು ಮೊದಲು ಎಲ್ಲ ಕಡೆ ನಡೆದು ಕಲ್ಲು, ಗುಂಡಿ ನೋಡಿ ಬಂದರು. ಆಮೇಲೆ ಟಾರ್ ಮುಗಿಯುವ ಹತ್ತಿರ ಒಂದು ಖಾಲಿ ಪ್ಲಾಸ್ಟಿಕ್ ಬಕೆಟ್ ಇಟ್ಟರು. ಅದು ಹಸು ಅಂದುಕೋ ಅಂದರು.

35ಕ್ಕೆ ಹೋಗಿ ಪೂರ್ತಿ ತುಳಿದೆ. ಗರಗರ ಶುರುವಾಯಿತು. ಗೊತ್ತಿದ್ದೂ ಕಾಲು ಮೇಲೆ ಬಂತು. ಎರಡನೇ ಸಲವೂ ಬಂತು. ಮೂರನೇ ಸಲ ಸ್ಟೇರಿಂಗ್ ಗಟ್ಟಿ ಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ, ತುಳಿದ ಕಾಲು ತುಳಿದ ಹಾಗೇ ಇಟ್ಟೆ. ಪೆಡಲ್ ಪಾದಕ್ಕೆ ಟಕಟಕ ಅಂತ ಬಡಿಯುತ್ತಲೇ ಇತ್ತು. ಬಕೆಟ್ ಹತ್ತಿರ ಬಂದಾಗ ಬಲಕ್ಕೆ ತಿರುಗಿಸಿದೆ. ಕಾರು ಬಲಕ್ಕೆ ಬಂತು! ಬ್ರೇಕ್ ತುಳಿದಿರುವಾಗಲೇ! ಬಕೆಟ್ ಎಡಗಡೆ ಕನ್ನಡಿಯಲ್ಲಿ ಹಾಗೇ ನಿಂತಿತ್ತು. ನನಗೆ ಅಳುವೇ ಬಂತು.

ಎಂಟು ಸಲ ಮಾಡಿದೆ. ಯಜಮಾನರು ಹದಿನೈದು ವರ್ಷದಿಂದ ಕಾರು ಓಡಿಸುವವರು. ಅವರೂ ಕೂತರು. ಮೊದಲ ಸಲ ಅವರ ಕಾಲೂ ಮೇಲೆ ಬಂತು.

ಬರುವ ಶನಿವಾರ ಮತ್ತೆ ಉಜಿರೆಗೆ ಹೋಗಬೇಕು. ಅತ್ತೆ ಬರುತ್ತೇನೆ ಅಂದಿದ್ದಾರೆ, ಆದರೆ ಮೊದಲು ಅವರನ್ನೂ ಬಯಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ಆ ಸದ್ದು ಕೇಳಿಸಬೇಕಂತೆ. ನಾಳೆ ಬೆಳಿಗ್ಗೆ ಹೋಗುತ್ತಿದ್ದೇವೆ.

ಪಾನಾ_ಸ್ಕ್ರೂಡ್ರೈವರ್

ತುಂಬಾ ಖುಷಿ ಆಯಿತು ಅಕ್ಕ. ರಿಮ್ ಬೆಂಡ್ ಆಗಿದೆ ಅಂದಿದ್ದಿರಲ್ಲ, ಘಾಟಿ ಇಳಿಯುವ ಮೊದಲು ಆ ಚಕ್ರದ ಸೆನ್ಸಾರ್ ವೈರ್ ಒಮ್ಮೆ ನೋಡಿಸಿ. ಕಲ್ಲಿಗೆ ಬಡಿದಾಗ ವೈರಿನ ಕ್ಲಿಪ್ ಕಳಚಿಕೊಂಡು ಟೈರಿಗೆ ಉಜ್ಜುತ್ತಿರುತ್ತದೆ, ಎಷ್ಟೋ ಸಲ ನೋಡಿದ್ದೇನೆ. ಸ್ಟೇರಿಂಗ್ ಪೂರ್ತಿ ಆ ಕಡೆ ಈ ಕಡೆ ತಿರುಗಿಸಿ, ವೈರ್ ಎಲ್ಲೂ ತಾಗಬಾರದು. ಅಲೈನ್‌ಮೆಂಟೂ ಮಾಡಿಸಿಬಿಡಿ.

ತೋಟದಮನೆ

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆವು ಅಣ್ಣ. ಒಂದು ಕ್ಲಿಪ್ ಕಳಚಿದೆ. ವೈರಿನ ಮೇಲೆ ಸಣ್ಣ ಉಜ್ಜಿದ ಗುರುತೂ ಇದೆ, ಒಳಗಿನ ತಂತಿ ಕಾಣುತ್ತಿಲ್ಲ. ಸದ್ಯಕ್ಕೆ ಕಟ್ಟಿದ್ದೇವೆ, ಬಯಲಿಗೆ ಹೋಗುವ ಮೊದಲು ಗ್ಯಾರೇಜಿಗೇ ಹೋಗುತ್ತೇವೆ.